ಶೇಂಗಾ ಹಿಂಡಿಯೊಳಗಿನ ಟ್ರಾನ್ಸಿಸ್ಟರ್

ನೇಸರಗಿಯ ಮುದಕಪ್ಪನವರ ರೇಡಿಯೋದಲ್ಲಿ ಸ್ಟೇಷನ್ನಿನ ಮುಳ್ಳು ಸರಿಸುವ ದಾರ ಹರಿದಿತ್ತು. ಕೆಟ್ಟದ್ದೆಂದರೆ ಅಷ್ಟೇ, ಒಂದು ಗೇಣು ನೂಲು. ಅವರ ಅಳಿಯ ಶ್ರೀಶೈಲ ಆ ನೂಲು ಕಟ್ಟಿ, ಮುಚ್ಚಳ ಹಾಕಿ, ಕೈ ತೊಳೆದುಕೊಂಡಿದ್ದರೆ ಬೈಲಹೊಂಗಲದ ಆ ಓಣಿಯಲ್ಲಿ ಅವತ್ತು ಯಾರ ಹಲ್ಲೂ ಅಲುಗಾಡುತ್ತಿರಲಿಲ್ಲ, ಯಾರ ಮನೆಯ ಫ್ಯೂಜೂ ಹೋಗುತ್ತಿರಲಿಲ್ಲ. ಆದರೆ ಸುಮ್ಮನಿರಲಾರದೆ ಇರುವೆ ಬಿಟ್ಟುಕೊಳ್ಳುವವರದೊಂದು ಸಂಘ ಇದ್ದಿದ್ದರೆ ಶ್ರೀಶೈಲ ಅದಕ್ಕೆ ಅವಿರೋಧವಾಗಿ ಅಧ್ಯಕ್ಷನಾಗುತ್ತಿದ್ದ.

ಬೆಳಗಿನ ಬಸ್ಸಿಗೆ ಬಂದಿಳಿದ ಮುದಕಪ್ಪನವರು ರೇಡಿಯೋವನ್ನು ಹಳೆಯ ಧೋತರದಲ್ಲಿ ಸುತ್ತಿ ಬಗಲಲ್ಲಿ ಇಟ್ಟುಕೊಂಡಿದ್ದರು. ಅದನ್ನು ಅಳಿಯನ ಕೈಗೆ ಕೊಟ್ಟು, "ಅಳಿಯಾರ, ಇದರ ದಾರ ಹರದೈತಿ. ಆದ್ರ ಮಾಡ್ರಿ, ಆಗಲಿಲ್ಲಂದ್ರ ಬಿಡ್ರಿ. ನನಗೇನ ಗಡಿಬಿಡಿ ಇಲ್ಲ" ಅಂದರು.

"ಗಡಿಬಿಡಿ ಇಲ್ಲಂದ್ರ ಹೆಂಗಪ್ಪಾ?" ಅಡಿಗೆಮನೆಯಿಂದ ಮಗಳು ಶೀತಲ ಓಡಿ ಬಂದಳು. "ಇವತ್ತ ಸಂಜಿ ಆರಕ್ಕ ನಿನ್ನ ಹಾಡ ಬರತೈತಿ! ನಾ ಓಣಿಗೆಲ್ಲಾ ಹೇಳೇನಿ."

ಮುದಕಪ್ಪನವರದು ನೇಸರಗಿಯಲ್ಲಿ ಭಜನಿ ಮೇಳ. ಹೋದ ತಿಂಗಳು ಧಾರವಾಡ ಆಕಾಶವಾಣಿಯವರು ಕರೆಸಿ ಅವರ ತತ್ವಪದ ಧ್ವನಿಮುದ್ರಣ ಮಾಡಿಕೊಂಡಿದ್ದರು. ಅದು ಬರುವ ದಿನ ಇವತ್ತು. ಶೀತಲ ಲಂಗ ಹಾಕಿಕೊಂಡು ಓಡಾಡುವ ಹುಡುಗಿಯಾಗಿದ್ದಾಗಿಂದ ಅಪ್ಪ ಈ ರೇಡಿಯೋದ ಮುಂದೆ ಕೂತು "ಒಂದಿನ ಇದರಾಗ ನನ್ನ ದನಿ ಬರಬೇಕವಾ" ಅನ್ನುವುದನ್ನು ಕೇಳಿದವಳು. ಆ ಒಂದು ದಿನ ಕಡೆಗೂ ಬಂದಿತ್ತು, ಬಂದದ್ದು ದಾರ ಹರಿದುಕೊಂಡು.

"ಆಗಲಿಲ್ಲಂದ್ರ ಮೊಬೈಲಿನ್ಯಾಗ ಹಚ್ಚೂಣು ಬಿಡು" ಅಂದಳು ಶೀತಲ.

"ಮೊಬೈಲಿನ್ಯಾಗ ಮಾತ್ರ ಬ್ಯಾಡವಾ!" ಮುದಕಪ್ಪನವರು ಬೆಚ್ಚಿದವರಂತೆ ಕೈ ಅಡ್ಡ ಮಾಡಿದರು. "ಬಂದ್ರ ಈ ರೇಡಿಯೋದಾಗ ಬರಬೇಕು. ಇಲ್ಲಂದ್ರ ಇಲ್ಲ." ಇಷ್ಟು ಹೇಳಿ, ಚಹಾ ಕುಡಿದು, ದಾಡಿ ಮಾಡಿಸಿಕೊಂಡು ಬರುತ್ತೇನೆಂದು ಪೇಟೆಯ ಕಡೆ ಹೊರಟುಹೋದರು.

ಅಪ್ಪ ಮರೆಯಾದದ್ದೇ ಶೀತಲ ಗಂಡನ ಎದುರು ನಿಂತಳು. "ನೋಡ್ರಿ, ನಮ್ಮಪ್ಪ ತಾನಾಗಿ ನಿಮಗ ಒಂದು ಕೆಲಸ ಹೇಳಿದ್ದು ಇದ ಮದಲ. ಇದೊಂದು ಮಾನ ಉಳಸ್ಕೋರಿ."

ಆ ಮಾತು ಶ್ರೀಶೈಲನ ಎದೆಗೇ ನಾಟಿತು. ಜಿನ್ನಿಂಗ್ ಮಿಲ್ಲಿನಲ್ಲಿ ಹತ್ತಿ ತೂಗಿಸುವ ಕಾರಕೂನ ಅವನು. ಬೇಸಿಗೆಯಲ್ಲಿ ಮಿಲ್ಲು ಬಂದ್. ಬಿಡುವಿನಲ್ಲಿ ಗಿಟಾರ್ ಬಾರಿಸುತ್ತಾನೆ, ಇಲ್ಲವೇ ಯಾರೂ ಕೇಳದಿದ್ದರೂ ಕಂಡವರ ಮನೆಯ ವಸ್ತು ಬಿಚ್ಚುತ್ತಾನೆ. ಇಂಥ ಅಳಿಯನ ಬಗ್ಗೆ ಮಾವ ಎಂದೂ ಒಂದು ಕೆಟ್ಟ ಮಾತು ಆಡಿದವರಲ್ಲ, ಒಳ್ಳೆಯದನ್ನೂ ಆಡಿದವರಲ್ಲ. ಸಂಜೆ ಆರಕ್ಕೆ ಈ ರೇಡಿಯೋ ಹಾಡಿದರೆ ಮಾವನ ಕಣ್ಣಲ್ಲಿ ತಾನೂ ಒಬ್ಬ ಮನುಷ್ಯನಾಗುತ್ತೇನೆ ಎಂದುಕೊಂಡು ಅವನು ಸ್ಕ್ರೂ ಡ್ರೈವರ್ ಹಿಡಿದ.

ಮುಚ್ಚಳ ಬಿಚ್ಚಿದ. ದಾರ ಕಂಡಿತು. ದಾರದ ಹಿಂದೆ ಮತ್ತೇನೋ ಕಂಡಿತು. ಶ್ರೀಶೈಲನಿಗೆ ದಾರ ಮರೆತೇಹೋಯಿತು.

ಈಗ ಅವನ ಹುಚ್ಚಿನ ಕತೆ ಸ್ವಲ್ಪ ಹೇಳಬೇಕು. ಅರವತ್ತರ ದಶಕದಲ್ಲಿ ವಿಲಾಯತಿಯ ಗಿಟಾರಿನವರು ಕಾಲ ಬುಡದಲ್ಲಿ ಒಂದು ಸಣ್ಣ ಡಬ್ಬಿ ಇಟ್ಟುಕೊಂಡಿರುತ್ತಿದ್ದರು. ಅದರ ಹೆಸರು ಫಜ್ ಪೆಡಲ್. ಗಿಟಾರಿನ ವೈರು ಅದರೊಳಗೆ ಹೊಕ್ಕು ಹೊರಬಿದ್ದು ಸ್ಪೀಕರಿಗೆ ಹೋಗುತ್ತದೆ. ಡಬ್ಬಿಯನ್ನು ಕಾಲಿಂದ ಒತ್ತಿದರೆ ನುಣ್ಣನೆಯ ದನಿ ಒಡೆದು, ಖಾಲಿ ಕೊಡದೊಳಗೆ ಜೇನುಹುಳ ಸಿಕ್ಕಿಕೊಂಡಂತೆ ಗುಂಯ್‌ಗುಟ್ಟುತ್ತದೆ. ಆ ಹಳೆಯ ಡಬ್ಬಿಗಳು ಈಗ ಶ್ರೀಮಂತರ ಕಪಾಟಿನಲ್ಲಿವೆ. ಉಳಿದವರು ಅವುಗಳ ನಕಾಶೆ ನೋಡಿಕೊಂಡು ಮನೆಯಲ್ಲೇ ನಕಲು ಮಾಡಿಕೊಳ್ಳುತ್ತಾರೆ. ಬೈಲಹೊಂಗಲದಲ್ಲಿ ಹಾಗೆ ಮಾಡಿಕೊಳ್ಳುವವನು ಶ್ರೀಶೈಲನೊಬ್ಬನೇ.

"ಛಲೋ ಇದ್ದ ದನಿ ಕೆಡಸಾಕ ಒಂದ ಮಷೀನ ಬೇಕೇನ್ರಿ?" ಎಂದು ಶೀತಲ ಕೇಳಿದ್ದುಂಟು. ಅವನ ಪ್ರಶ್ನೆ ಬೇರೆಯೇ ಇತ್ತು. ಆ ಕಾಲದ ದನಿ ನಿಜವಾಗಿ ಹೇಗಿತ್ತು? ಎದುರಿಗೆ ಕೂತು ಕೇಳಿದರೆ ಹೇಗಿರುತ್ತದೆ? ಈ ಒಂದು ಪ್ರಶ್ನೆ ಅಂಗಾಲಿಗೆ ಹೊಕ್ಕ ಜಾಲಿಮುಳ್ಳಿನಂತೆ ಅವನನ್ನು ಕಾಡುತ್ತಿತ್ತು. ಡಬ್ಬಿಯಲ್ಲಿ ದನಿ ಒಡೆಯುವ ಬಿಡಿಭಾಗವೇ ಟ್ರಾನ್ಸಿಸ್ಟರ್; ಅದರ ಹೊಸ ನಮೂನೆ ಹಾಕಿ ನೋಡಿದ್ದ. ದನಿ ಹತ್ತಿರ ಬರುತ್ತಿತ್ತು, ಆದರೆ ಅದಲ್ಲ. ಅದಕ್ಕೆ ಜರ್ಮೇನಿಯಂ ಎಂಬ ಧಾತುವಿನ ಹಳೆಯ ಟ್ರಾನ್ಸಿಸ್ಟರೇ ಬೇಕು. ಆನ್‌ಲೈನಿನಲ್ಲಿ ತರಿಸಿದರೆ ಖೊಟ್ಟಿ ಮಾಲು ಬಂತು. ಬೆಳಗಾವಿಯ ಅಂಗಡಿಯವನು ನಕ್ಕು, "ಅವು ನಮ್ಮಜ್ಜನ ಕಾಲದವು ಸರ" ಅಂದಿದ್ದ.

ಆ ಅಜ್ಜನ ಕಾಲದವು ಈಗ ಮಾವನ ರೇಡಿಯೋದಲ್ಲಿ ಸಾಲಾಗಿ ಕೂತಿದ್ದವು. ಕರಿ ಬಣ್ಣ, ಮೂರು ಕಾಲು, ಲವಂಗಕ್ಕಿಂತ ಕೊಂಚ ದಪ್ಪ. ಒಟ್ಟು ಆರಿದ್ದವು, ಪೆಡಲಿಗೆ ಬೇಕಾದದ್ದು ಎರಡು.

"ಬರೇ ಹಚ್ಚಿ ನೋಡೂದು. ಹತ್ತ ಮಿನಿಟು. ಆಮ್ಯಾಲ ಹೊಳ್ಳಿ ಇಟ್ಟಬಿಡೂದು" ಎಂದು ಶ್ರೀಶೈಲ ತನಗೆ ತಾನೇ ಹೇಳಿಕೊಂಡ. ಜಗತ್ತಿನ ಎಲ್ಲ ಕಳ್ಳರೂ ಶುರು ಮಾಡುವುದು ಹೀಗೆಯೇ. ಸೋಲ್ಡರಿಂಗ್ ಐರನ್ ಕಾಯಿಸಿ ಎರಡನ್ನು ಕಿತ್ತ. ಅವನ ಪೆಡಲ್ ಇದ್ದದ್ದು ಪ್ಲಾಸ್ಟಿಕ್ಕಿನ ಸಾಬೂನು ಡಬ್ಬಿಯಲ್ಲಿ. ಲೋಹದ ಡಬ್ಬಿಯೇ ಬೇಕು, ಇಲ್ಲದಿದ್ದರೆ ಗಾಳಿಯಲ್ಲಿ ಹೋಗುವ ಎಲ್ಲ ಗದ್ದಲವೂ ಒಳಗೆ ಬರುತ್ತದೆ ಎಂದು ನಕಾಶೆಯಲ್ಲಿ ಬರೆದಿತ್ತು. ಸದ್ಯಕ್ಕೆ ಸಿಕ್ಕದ್ದು ಇದು. ಸ್ವಿಚ್ ಬೋರ್ಡಿಗೆ ಪ್ಲಗ್ ಹಾಕುವಂತೆ ಟ್ರಾನ್ಸಿಸ್ಟರಿನ ಕಾಲು ಸಿಕ್ಕಿಸುವ ತೂತುಗಳನ್ನು ಅದರಲ್ಲಿ ಮೊದಲೇ ಮಾಡಿಟ್ಟಿದ್ದ. ಸಿಕ್ಕಿಸಿದ. ಬ್ಯಾಟರಿಯ ಮೇಲೆ ನಡೆಯುವ ಸಣ್ಣ ಆಂಪ್ಲಿಫೈಯರಿಗೆ ಜೋಡಿಸಿದ. ಗಿಟಾರಿನ ದಪ್ಪ ತಂತಿ ಮೀಟಿದ.

ಅಯ್ಯೋ, ಆ ದನಿಯೇ! ಆಲೆಮನೆಯ ಕುದಿಯುವ ಕೊಪ್ಪರಿಗೆಯಿಂದ ಎದ್ದು ಬಂದಂತೆ ಬಿಸಿಯಾಗಿ, ಅಂಟಂಟಾಗಿ, ಎದೆಯೊಳಗೆ ಇಳಿಯುವಂತಿತ್ತು. ಶ್ರೀಶೈಲನ ಕಣ್ಣು ತುಂಬಿತು. ತಾನು ಹುಟ್ಟುವ ಮೊದಲಿನ ದನಿಯೊಂದು ತನ್ನ ಸಾಬೂನು ಡಬ್ಬಿಯಿಂದ ಬರುತ್ತಿದೆ ಎಂದು ಅವನು ನಂಬಲಾರದೆ ನಂಬಿದ.

ಸುಖ ಹೆಚ್ಚು ಹೊತ್ತು ಇರಲಿಲ್ಲ. ಬಿಸಿಲು ಏರಿ ತಗಡಿನ ಮಾಳಿಗೆ ಕಾಯುತ್ತಿದ್ದಂತೆ ದನಿ ಕ್ಷೀಣಿಸಿ, ಗೊರಗೊರ ಅಂದು, ನಿಂತೇಬಿಟ್ಟಿತು. ಮೊಬೈಲಿನಲ್ಲಿ ಹುಡುಕಿದರೆ, ಜರ್ಮೇನಿಯಂ ಸೆಕೆ ತಾಳುವುದಿಲ್ಲ, ತಂಪಾದರೆ ಮತ್ತೆ ಚೇತರಿಸಿಕೊಳ್ಳುತ್ತದೆ ಎಂದಿತ್ತು. ಶ್ರೀಶೈಲ ಎರಡನ್ನೂ ಕಿತ್ತು, ಕೈಗೆ ಸಿಕ್ಕ ಸಣ್ಣ ಸ್ಟೀಲ್ ಬಟ್ಟಲಲ್ಲಿ ಹಾಕಿ, ಫ್ರಿಜ್ಜಿನಲ್ಲಿಟ್ಟು, ದಾರ ತರಲು ಪೇಟೆಗೆ ಹೋದ.

ಆ ಬಟ್ಟಲ ಮೇಲೆ ಕೊರೆದಿದ್ದ ಹೆಸರನ್ನು ಅವನು ನೋಡಿರಲಿಲ್ಲ. ಹೆಸರು 'ನಾಗರತ್ನಾ' ಎಂದಿತ್ತು.

ಪೇಟೆಯಿಂದ ಬಂದಾಗ ಮಾವ ಊಟಕ್ಕೆ ಕೂತಿದ್ದರು. ಹೊಟ್ಟೆ ಬಗೆದ ರೇಡಿಯೋ ಟೇಬಲ್ಲಿನ ಮೇಲೆ ಬಾಯಿ ತೆರೆದುಕೊಂಡು ಬಿದ್ದಿತ್ತು. ಶ್ರೀಶೈಲನ ಜೀವ ಹಾರಿತು. ಮುದಕಪ್ಪನವರು ಮಾತ್ರ ಅದರತ್ತ ಒಮ್ಮೆ ನೋಡಿ, ಪ್ರಸನ್ನರಾಗಿ, "ಒಳಗಿಂದೆಲ್ಲಾ ಹೊರಗ ಬಂದೈತಿ? ಇರ್ಲಿ ಇರ್ಲಿ, ಅವಸರ ಮಾಡಬ್ಯಾಡ್ರಿ" ಎಂದು ಇನ್ನೊಂದು ರೊಟ್ಟಿ ಹಾಕಿಸಿಕೊಂಡರು. ಎಂಥ ದೊಡ್ಡ ಮನಸ್ಸು ಎಂದು ಅಳಿಯನಿಗೆ ಇನ್ನಷ್ಟು ನಾಚಿಕೆಯಾಯಿತು. ಕಳ್ಳನ ಮನಸ್ಸು ಹುಳ್ಳುಳ್ಳಗೆ ಅನ್ನುವುದು ಸುಳ್ಳಲ್ಲ. ಅವನು ಮೆಲ್ಲಗೆ ಹೋಗಿ ಫ್ರಿಜ್ ತೆರೆದ.

ಬಟ್ಟಲಿರಲಿಲ್ಲ.

"ಶೀತಲ, ಇಲ್ಲೊಂದು ಬಟ್ಟಲಿತ್ತಲ್ಲ?"

"ಅದು ನಾಗರತ್ನಾ ಅಕ್ಕಾರದು. ಮೊನ್ನೆ ಹೆಪ್ಪ ಹಾಕಿ ಕೊಟ್ಟಿದ್ರು. ಹೊಳ್ಳಿ ಕೊಟ್ಟ ಬಂದೆ."

"ಖಾಲಿ ಬಟ್ಟಲನ?"

ಶೀತಲ ಗಂಡನನ್ನು ನಾಗರಿಕತೆ ಅರಿಯದವನೆಂಬಂತೆ ನೋಡಿದಳು. "ಖಾಲಿ ಬಟ್ಟಲಾ ಯಾರಾರ ಹೊಳ್ಳಿ ಕೊಡ್ತಾರೇನ್ರಿ? ಶೇಂಗಾ ಹಿಂಡಿ ತುಂಬಿ ಕೊಟ್ಟೇನಿ."

ನೆರೆಮನೆಯ ಬಟ್ಟಲನ್ನು ಬರಿದಾಗಿ ಹಿಂತಿರುಗಿಸಬಾರದು. ಅಜ್ಜಿಯ ಕಾಲದ ಈ ನೇಮವನ್ನು ಶ್ರೀಶೈಲ ಜನ್ಮದಲ್ಲಿ ಮೊದಲ ಸಲ ಶಪಿಸಿದ. ಮೊಬೈಲನ್ನು ಕಿವಿಗೂ ಭುಜಕ್ಕೂ ಒತ್ತಿಕೊಂಡು ಮಾತಾಡುತ್ತ ಆ ಚಟ್ನಿಪುಡಿ ತುಂಬಿದ ಶೀತಲಗೆ ತಳದಲ್ಲಿದ್ದ ಎರಡು ಕರಿ ಕಾಳು ಕಂಡೇ ಇರಲಿಲ್ಲ.

ಚಪ್ಪಲಿಯನ್ನೂ ಮೆಟ್ಟದೆ ಅವನು ಪಕ್ಕದ ಮನೆಗೆ ಓಡಿದ. ನಾಗರತ್ನಾ ಊಟ ಮುಗಿಸಿ ಟಿವಿ ಮುಂದೆ ಕಾಲು ಚಾಚಿ ಕೂತಿದ್ದಳು. ಕೊಟ್ಟದ್ದನ್ನು ವಾಪಸ್ ಕೇಳುವುದು ಹೇಗೆ? ಶ್ರೀಶೈಲ ತಲೆ ಕೆರೆದುಕೊಂಡ.

"ಅಕ್ಕಾರ, ಶೀತಲ ಕೊಟ್ಟ ಹಿಂಡಿಯೊಳಗ ಉಪ್ಪ ಹೆಚ್ಚಾಗೇತಿ ಅನಸ್ತೈತಿ. ಕೊಡ್ರಿ, ಬದಲ ಮಾಡಿ ತರತೇನಿ."

ನಾಗರತ್ನಾ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡಳು. "ಬರೋಬ್ಬರಿ ಐತಲ್ರಿ ಅಣ್ಣಾರ."

"ಖಾರ ಕಮ್ಮಿ ಇರಬೇಕ ಹಂಗಾರ. ನಾ ಒಂದೀಟ ನೋಡ್ಲ್ಯಾ?"

ನಾಗರತ್ನಾಳ ಮುಖದಲ್ಲಿ ಕರುಣೆ ಉಕ್ಕಿತು. ಮಾವ ಬಂದಿದ್ದಾರೆ, ಅಳಿಯನಿಗೆ ಅಡಿಗೆಮನೆಯಲ್ಲಿ ಸರಿಯಾಗಿ ಬಡಿಸುವವರಿಲ್ಲ ಎಂದು ಅವಳು ಒಂದೇ ಗಳಿಗೆಯಲ್ಲಿ ಎಲ್ಲ ಲೆಕ್ಕ ಹಾಕಿದಳು. "ಹಸಿವಾಗಿದ್ರ ಹಸಿವು ಅನ್ರಿ, ನಾಚಿಕಿ ಯಾಕ? ಕುಂದರ್ರಿ" ಎಂದು ತಾಟು ಇಟ್ಟು, ರೊಟ್ಟಿ ಹಾಕಿ, ಹಿಂಡಿ ಸುರುವಿ, ಎಣ್ಣೆ ಬಿಟ್ಟಳು. ಶ್ರೀಶೈಲ ಬೆರಳಿಂದ ಹಿಂಡಿ ಹಿಸುಕುತ್ತ, ಹುಡುಕುತ್ತ, ಹುಡುಕಿದ್ದನ್ನು ತಿನ್ನದೆ ಗತಿಯಿಲ್ಲದೆ ತಿನ್ನುತ್ತ ಹೋದ. ಒಂದು ರೊಟ್ಟಿ ಹೋಯಿತು, ಎರಡನೆಯದೂ ಹೋಯಿತು. ಮೂರನೆಯದರ ನಡುವೆ ಬೆರಳಿಗೆ ಗಟ್ಟಿಯಾಗಿ ಏನೋ ಸಿಕ್ಕಿತು. ಮೂರು ಕಾಲೂ ನೆಟ್ಟಗಿದ್ದವು. ಅದನ್ನು ಕಿಸೆಗೆ ಸೇರಿಸಿ ಬಟ್ಟಲ ತಳ ಕಾಣುವವರೆಗೂ ಉಂಡ. ಇನ್ನೊಂದು ಇರಲಿಲ್ಲ.

"ಇಷ್ಟ ಹಿಂಡಿ ಇತ್ತೇನ್ರಿ ಅಕ್ಕಾರ?"

"ಅರ್ಧಾ ಅಂದಾನೆಪ್ಪ ಕಾಕಾಗ ಕೊಟ್ಟೆ. ಕಾಕು ತವರಿಗೆ ಹೋಗ್ಯಾಳ, ಪಾಪ, ಒಬ್ಬನ ರೊಟ್ಟಿ ಬಡಕೊಂಡ ತಿನ್ನಾಕ ಹತ್ಯಾನ."

ಅಂದಾನೆಪ್ಪ ಎದುರು ಮನೆಯವನು. ಕರೆಂಟಿನ ಇಲಾಖೆಯಲ್ಲಿ ಲೈನ್‌ಮನ್ ಆಗಿ ನಿವೃತ್ತನಾದ ಮೇಲೆ ಜಗತ್ತಿನ ಎಲ್ಲ ಸಮಸ್ಯೆಯೂ ಕರೆಂಟು ಕಡಿಮೆ ಬಿದ್ದದ್ದರಿಂದಲೇ ಆಗುತ್ತದೆ ಎಂದು ನಂಬಿದವನು. ಶ್ರೀಶೈಲ ಹೋದಾಗ ಅವನು ಕಟ್ಟಿಸಿದ ಹಲ್ಲಿನ ಸೆಟ್ಟನ್ನು ಅಂಗೈಯಲ್ಲಿಟ್ಟುಕೊಂಡು ಬೆಳಕಿಗೆ ಹಿಡಿದಿದ್ದ. ಇನ್ನೊಂದು ಕೈಯಲ್ಲಿ ಟ್ರಾನ್ಸಿಸ್ಟರ್ ಇತ್ತು.

"ತಮ್ಮಾ, ಛಲೋ ಬಂದಿ. ನಿನ್ನ ಹೆಂಡ್ತಿ ಹಿಂಡಿಯೊಳಗ ಹುಳಾ ಸಿಕ್ಕೈತಿ ನೋಡ. ಎಂಥಾ ಗಟ್ಟಿ ಹುಳಾಪಾ ಇದು! ಹಲ್ಲ ಅಳ್ಳಾಡಿಸಿಬಿಡ್ತು."

"ಅದು ಹುಳಾ ಅಲ್ರಿ ಕಾಕಾ. ರೇಡಿಯೋದ್ದು."

ಹೇಳಬಾರದಿತ್ತು. ಆದರೆ ಹೆಂಡತಿಯ ಹಿಂಡಿಗೆ ಹುಳದ ಕಳಂಕ ಹೊರಿಸಿ ಮನೆಗೆ ಹೋಗುವ ಧೈರ್ಯ ಯಾವ ಗಂಡನಿಗಿದೆ? ಅಂದಾನೆಪ್ಪನ ಕಣ್ಣು ಅರಳಿತು. ಹಲ್ಲು ಬಾಯಿಗೆ ಹಾಕಿಕೊಂಡ. "ನಿಮ್ಮ ಮಾವಾರ ರೇಡಿಯೋ ಬಿಚ್ಚೀಯೇನ? ನನ್ನ ಕೇಳಬಾರದಾ? ನಡಿ, ನಾ ಬರತೇನಿ. ಆರಕ್ಕ ಮಂದೀನೆಲ್ಲಾ ಕರಕೊಂಡ ಬರತೇನಿ, ನೀ ಚಿಂತಿ ಬಿಡ."

ಚಿಂತೆ ಶುರುವಾದದ್ದೇ ಆಗ. ಟ್ರಾನ್ಸಿಸ್ಟರಿನ ಒಂದು ಕಾಲು ಅಂದಾನೆಪ್ಪನ ಹಲ್ಲಿಗೆ ಸಿಕ್ಕು ಮುರಿದಿತ್ತು. ಶ್ರೀಶೈಲ ಮನೆಗೆ ಬಂದು, ಎರಡನ್ನೂ ಒರೆಸಿ, ಮುರಿದ ಮೋಟಿಗೆ ತಂತಿ ಬೆಸೆದು, ರೇಡಿಯೋದೊಳಗೆ ಹಳೆಯ ಜಾಗದಲ್ಲಿ ಇಡಲು ಹೋದ. ಐವತ್ತು ವರ್ಷದ ಸರ್ಕಿಟ್ ಪಟ್ಟಿ. ಐರನ್ ತಾಗಿದ್ದೇ ತಡ, ಅದರ ಮೇಲಿನ ತಾಮ್ರದ ಗೆರೆ ಹಾಲಿನ ಕೆನೆಯಂತೆ ಎದ್ದು ಬಂತು. ಇನ್ನು ಆ ರೇಡಿಯೋ ಯಾವ ಜನ್ಮಕ್ಕೂ ಹಾಡುವುದಿಲ್ಲ ಎಂಬುದು ಅವನಿಗೂ ಅರ್ಥವಾಯಿತು. ಗಡಿಯಾರ ಐದೂವರೆ ತೋರಿಸುತ್ತಿತ್ತು. ಅವನು ಹೆಂಡತಿಯನ್ನು ಒಳಕೋಣೆಗೆ ಕರೆದು ಎಲ್ಲವನ್ನೂ ಹೇಳಿದ.

ಶೀತಲಳ ಕಣ್ಣಲ್ಲಿ ನೀರು ಬಂತು. "ನಮ್ಮಪ್ಪನ ದನಿ ತಗೊಂಡ ಹೋಗಿ ಶೇಂಗಾ ಹಿಂಡಿಯೊಳಗ ಹಾಕಿದ್ರೇನ್ರಿ?"

"ಹಾಕಿದಾಕಿ ನೀನs."

"ಬಾಯಿ ಮುಚ್ಚರಿ." ಅವಳು ಸೆರಗಿನಿಂದ ಕಣ್ಣೊರೆಸಿ ಕಿಟಕಿಯ ಕಡೆ ನೋಡಿದಳು. "ರೇಡಿಯೋ ಕಿಟಕಿ ಮ್ಯಾಲ ಇಡ್ರಿ. ಹಿಂದ ಪಡದೆ ಐತಿ. ನೀವು ಒಳಗ ಕುಂತ ಮೊಬೈಲಿನ್ಯಾಗ ಆಕಾಶವಾಣಿ ಹಚ್ಚಿ ನಿಮ್ಮ ಸ್ಪೀಕರಿನಾಗ ಬಿಡ್ರಿ. ಅಪ್ಪಗ ರೇಡಿಯೋ ಹಾಡಿಧಂಗ ಆಗ್ತೈತಿ."

ಹೆಂಡತಿಯ ಬುದ್ಧಿಗೆ ಶ್ರೀಶೈಲ ಮನಸ್ಸಿನಲ್ಲೇ ಕೈ ಮುಗಿದ. ಪಡಸಾಲೆಗೂ ಒಳಕೋಣೆಗೂ ನಡುವಿನ ಕಿಟಕಿಯ ಕಟ್ಟೆಯ ಮೇಲೆ ಮುಚ್ಚಳ ಹಾಕಿದ ರೇಡಿಯೋ ಕೂತಿತು, ಪರದೆಯ ಹಿಂದೆ ಆಂಪ್ಲಿಫೈಯರ್. ಮೊಬೈಲಿನಿಂದ ಪೆಡಲಿಗೆ ಹಾಡು ಬಿಟ್ಟು ಪರೀಕ್ಷೆ ಮಾಡಲೆಂದು ಅವನು ಹಿಂದೆಯೇ ಒಂದು ವೈರು ಮಾಡಿಟ್ಟಿದ್ದ. ಅದರ ತುದಿ ಪೆಡಲಿಗೇ ಹೊಂದುವಂಥದು, ನೇರ ಆಂಪ್ಲಿಫೈಯರಿಗೆ ಹೊಂದುತ್ತಿರಲಿಲ್ಲ. ಹೀಗಾಗಿ ಟ್ರಾನ್ಸಿಸ್ಟರುಗಳು ಮತ್ತೆ ಸಾಬೂನು ಡಬ್ಬಿಗೇ ಹೋದವು. ಬಿಸಿಲು ಇಳಿದಿದ್ದರಿಂದ ಅವೂ ಚೇತರಿಸಿಕೊಂಡಿದ್ದವು.

ಆರು ಹೊಡೆಯುವ ಮೊದಲೇ ಪಡಸಾಲೆ ತುಂಬಿತು. ಅಂದಾನೆಪ್ಪ ಇಡೀ ಓಣಿಯನ್ನೇ ಎಬ್ಬಿಸಿಕೊಂಡು ಬಂದಿದ್ದ. ನಾಗರತ್ನಾ ಚಹಾ ಹಂಚುವ ಜವಾಬ್ದಾರಿಯನ್ನು ತಾನೇ ವಹಿಸಿಕೊಂಡಿದ್ದಳು. ಮುಚ್ಚಳ ಹಾಕಿ ಸಜ್ಜಾಗಿ ನಿಂತ ರೇಡಿಯೋ ನೋಡಿದ ಮುದಕಪ್ಪನವರ ಮುಖ ಯಾಕೋ ಬಿಳಿಚಿಕೊಂಡಿತು.

"ಆತೇನ್ರಿ ಅಳಿಯಾರ? ಖರೇನ ಆತು?" ಎಂದು ಕೇಳಿದರು. ಆಮೇಲೆ, "ನಾ ಒಂದೀಟ ಬಸ್‌ಸ್ಟ್ಯಾಂಡ ಕಡೆ ಅಡ್ಡಾಡಿ ಬರತೇನಿ" ಎಂದು ಎದ್ದರು.

"ಎಲ್ಲಿಗ್ರಿ ಮುದಕಪ್ಪಣ್ಣಾ!" ಅಂದಾನೆಪ್ಪ ರಟ್ಟೆ ಹಿಡಿದು ಮುಂದಿನ ಸಾಲಿನಲ್ಲಿ ಕೂರಿಸಿದ. "ಹಾಡಿದಾವರ ಇಲ್ಲಂದ್ರ ಹೆಂಗ?"

ಪರದೆಯ ಹಿಂದೆ ಶ್ರೀಶೈಲ ಮೊಬೈಲು ಹಿಡಿದು ಬೆವರುತ್ತಿದ್ದ. ಆಕಾಶವಾಣಿಯ ಆ್ಯಪು ತೆರೆದಿತ್ತು. ಅದರ ನಡುವೆ ಒಂದು ಚಕ್ರ ಗಾಣದೆತ್ತಿನಂತೆ ಸುತ್ತುತ್ತಲೇ ಇತ್ತು. ಪಡಸಾಲೆಯಲ್ಲಿದ್ದವರೆಲ್ಲ ವಿಡಿಯೋ ಮಾಡಿ ಬೀಗರಿಗೆ ಕಳಿಸುತ್ತಿದ್ದರಿಂದ ಇವನಿಗೆ ನೆಟ್ಟೇ ಉಳಿದಿರಲಿಲ್ಲ. ಆರಾಯಿತು. ಆರು ದಾಟಿತು. ರೇಡಿಯೋ ಮೂಕವಾಗಿತ್ತು. ಮಂದಿ ಗುಸುಗುಸು ಶುರು ಮಾಡಿದರು.

"ಇದು ಕರೆಂಟ ಕಮ್ಮಿ ಬಿದ್ದೈತಿ" ಎಂದು ಅಂದಾನೆಪ್ಪ ಘೋಷಿಸಿದ. "ಬ್ಯಾಟರಿ ದಮ್ಮ ಸಾಲವಲ್ದು. ನೇರ ಲೈನ ಕೊಡಬೇಕ." ಯಾರಾದರೂ ಬೇಡ ಅನ್ನುವಷ್ಟರಲ್ಲಿ ಟೇಬಲ್ ಫ್ಯಾನಿನ ವೈರು ಕಿತ್ತು, ರೇಡಿಯೋದ ಬ್ಯಾಟರಿಯ ಎರಡು ತಂತಿಗೆ ಸುತ್ತಿ, ಸ್ವಿಚ್ ಒತ್ತಿದ.

ಢಮ್ಮೆಂದಿತು! ನೀಲಿ ಬೆಳಕು ಬಂತು, ಹಿಂದೆಯೇ ಹೊಗೆ ಬಂತು, ಮನೆಯ ಫ್ಯೂಜು ಹಾರಿ ಟ್ಯೂಬ್‌ಲೈಟು, ಪಂಖಾ ಎಲ್ಲ ನಿಂತವು. ಒಳಗೆ ಶ್ರೀಶೈಲ ಹೌಹಾರಿ ಎದ್ದ ರಭಸಕ್ಕೆ ವೈರು ಮೊಬೈಲಿನಿಂದ ಕಿತ್ತು ಬಂದು ಅದರ ತುದಿ ಅವನ ಮುಷ್ಟಿಯಲ್ಲಿ ಉಳಿಯಿತು. ಕತ್ತಲಲ್ಲದ ಆ ಮಬ್ಬು ಮೌನದಲ್ಲಿ ಗಡಸಾದ ಒಂದು ದನಿ ಎದ್ದಿತು.

"...ಧಾರವಾಡ. ಈಗ ನೇಸರಗಿಯ ಮುದಕಪ್ಪ ಮತ್ತು ಸಂಗಡಿಗರಿಂದ ತತ್ವಪದಗಳು."

"ನೋಡ್ರಿ! ಕರೆಂಟ ಕೊಟ್ಟದ್ದ ತಡ, ಹಾಡಾಕ ಹತ್ತಿತು!" ಎಂದು ಅಂದಾನೆಪ್ಪ ಕುಣಿದ.

ಬ್ಯಾಟರಿಯ ಮೇಲಿದ್ದ ಆಂಪ್ಲಿಫೈಯರ್ ಮಾತ್ರ ಬದುಕಿತ್ತು, ದನಿ ಅದರಿಂದಲೇ ಬರುತ್ತಿತ್ತು. ಮೊಬೈಲು ಪಕ್ಕದಲ್ಲಿ ಸುಮ್ಮನೆ ಬಿದ್ದಿತ್ತು. ಬೆರಗಾಗಿ ಶ್ರೀಶೈಲ ವೈರಿನ ತುದಿ ಬಿಟ್ಟ. ದನಿ ಮಾಯವಾಯಿತು. ಹಿಡಿದ, ಬಂತು. ಆಗ ಅವನಿಗೆ ಹೊಳೆಯಿತು. ಲೋಹದ ಕವಚವಿಲ್ಲದ ಪೆಡಲ್ ಗಾಳಿಯಲ್ಲಿ ಹೋಗುವ ಧಾರವಾಡ ಕೇಂದ್ರವನ್ನೇ ಹಿಡಿಯುತ್ತಿದೆ. ಮನೆಯ ಕರೆಂಟು ಹೋಗಿ ಅದರ ಗುಂಯ್ ಸದ್ದು ಅಡಗಿದ್ದರಿಂದ ಸ್ಪಷ್ಟವಾಗಿ ಕೇಳುತ್ತಿದೆ. ತಾನೇ ಅದಕ್ಕೆ ಆಂಟೆನಾ! ಇಂಥ ಹೊತ್ತಿನಲ್ಲೂ ಅವನ ಕುತೂಹಲ ಸುಮ್ಮನಿರಲಿಲ್ಲ. ಎಡಗೈ ಎತ್ತಿ ನೋಡಿದ, ದನಿ ಹೆಚ್ಚಿತು. ಕಿಟಕಿಯ ಕಬ್ಬಿಣದ ಸರಳು ಮುಟ್ಟಿದ, ಇನ್ನೂ ಹೆಚ್ಚಿತು. ತುದಿಗಾಲ ಮೇಲೆ ನಿಂತರೆ ದಮ್ಮಡಿಯ ಪೆಟ್ಟೂ ಕೇಳತೊಡಗಿತು. ಮೂಗು ತುರಿಸುತ್ತಿತ್ತು, ಕೆರೆದುಕೊಳ್ಳಲು ಕೈ ಖಾಲಿಯಿರಲಿಲ್ಲ.

ಹಾಡು ಬಂತು. ಫಜ್ ಪೆಡಲಿನ ಮೂಲಕ ಬಂದ ತತ್ವಪದವನ್ನು ಅಲ್ಲಿಯವರೆಗೆ ಭೂಮಿಯ ಮೇಲೆ ಯಾರೂ ಕೇಳಿರಲಾರರು. ಏಕತಾರಿ ಗುಡುಗುತ್ತಿತ್ತು, ತಾಳ ಕಾದ ಎಣ್ಣೆಗೆ ಬಿದ್ದಂತೆ ಚುರುಗುಟ್ಟುತ್ತಿತ್ತು, ಮುದಕಪ್ಪನವರ ದನಿ ಗವಿಯೊಳಗಿಂದ ಹುಲಿ ಮಾತಾಡಿದಂತಿತ್ತು. ರೇಡಿಯೋದಿಂದ ಹೊಗೆ ಬೇರೆ ಏಳುತ್ತಿತ್ತು. ಮಂದಿ ಕೈ ಮುಗಿದು ಕೂತರು. ನಾಗರತ್ನಾ ಕಣ್ಣೊರೆಸಿಕೊಂಡಳು. ಮೊದಲು ತಲೆ ತಗ್ಗಿಸಿ ಕಿವಿ ಮುಚ್ಚಿಕೊಂಡಿದ್ದ ಮುದಕಪ್ಪನವರು ಎರಡನೆಯ ನುಡಿ ದಾಟುತ್ತಲೇ ಒಂದು ಕಿವಿ ಬಿಟ್ಟರು, ಮೂರನೆಯದಕ್ಕೆ ಇನ್ನೊಂದನ್ನೂ ಬಿಟ್ಟರು. ಕೊನೆಗೆ ಚಪ್ಪಾಳೆಯ ನಡುವೆ ಎದ್ದು ಸೀದಾ ಒಳಕೋಣೆಗೆ ಬಂದರು.

ಅಳಿಯ ಸರಳು ಹಿಡಿದು ತುದಿಗಾಲಲ್ಲಿ ನಿಂತಿದ್ದ. ಮಾವ ಅವನನ್ನು ನೋಡಿದರು, ವೈರು ನೋಡಿದರು, ಸಾಬೂನು ಡಬ್ಬಿ ನೋಡಿದರು. ಶ್ರೀಶೈಲ ಕೆಳಗಿಳಿದು, "ತಪ್ಪಾತ್ರಿ ಮಾವಾರ. ನಿಮ್ಮ ರೇಡಿಯೋ ನಾನs ಕೆಡಿಸೇನಿ" ಎಂದು ತಲೆ ತಗ್ಗಿಸಿದ.

"ಅದು ನನಗ ಮುಂಜಾನೇನ ಗೊತ್ತಿತ್ರಿ. ಕೆಡಸ್ತೀರಂತನ ತಂದಿದ್ದೆ."

"ಕೆಡಸಲೆಂತನ?" ಅಂದ ಶ್ರೀಶೈಲ.

ಮುದಕಪ್ಪನವರು ಮಂಚದ ತುದಿಗೆ ಕೂತು ದನಿ ತಗ್ಗಿಸಿದರು. "ಆ ದಾರ ನಾನ ಹರದದ್ದು, ಕುಡಗೋಲಲೆ. ಧಾರವಾಡದಾಗ ಎರಡನೇ ನುಡಿಗೆ ನನ್ನ ದನಿ ಒಡದ ಹೋತ್ರಿ ಅಳಿಯಾರ. ಹುಂಜ ಕೂಗಿಧಂಗಾತು. ಅವರು 'ನಡೀತೈತಿ ಅಜ್ಜಾ' ಅಂದ್ರು, ಆದ್ರ ನಲವತ್ತ ವರ್ಷ ಹಾಡಿದಾವಗ ಹೆಂಗ ನಡೀತೈತಿ? ಯಾರ ಮುಂದನೂ ಹೇಳಾಕ ಬಾಯಿಲ್ಲ. ಊರಾಗ ಈಗ ರೇಡಿಯೋ ಇದ್ದದ್ದು ನಂದೊಂದ. ಅದು ಕೆಟ್ಟಬಿಟ್ರ ಯಾರೂ ಕೇಳೂದಿಲ್ಲಂತ ಇಲ್ಲಿಗೆ ತಂದೆ."

"ಮತ್ತ ನನ್ನ ಕಡೆನ ಯಾಕ?"

"ನಿಮ್ಮಷ್ಟ ನಂಬಿಗಸ್ತರು ಯಾರದಾರ್ರಿ?" ಮಾವ ಮನಸಾರೆ ಹೇಳಿದರು. "ನಮ್ಮ ಮನಿ ಪಂಖಾ ಬಿಚ್ಚಿ ಕೂಡಿಸಿದ್ರಿ, ಇವತ್ತಿಗೂ ತಿರಗಿಲ್ಲ. ಮಿಕ್ಸರ್ ಮುಟ್ಟಿದ್ರಿ, ಅದು ಮೂಲ್ಯಾಗ ಕುಂತೈತಿ. ನಿಮ್ಮ ಕೈಯಾಗ ಹೋದದ್ದು ಹೊಳ್ಳಿ ಬಾಯಿ ತೆರಿಯೂದಿಲ್ಲಂತ ನನಗ ಖಾತ್ರಿ ಇತ್ತು."

ಇಡೀ ದಿನ ಮಾನ ಉಳಿಸಿಕೊಳ್ಳಲು ಓಡಾಡಿದ ಶ್ರೀಶೈಲನಿಗೆ, ಉಳಿಸಿಕೊಳ್ಳಲು ಅಲ್ಲಿ ಏನೂ ಇರಲೇ ಇಲ್ಲ ಎಂದು ತಿಳಿಯಿತು. ಅವನೂ ಮಂಚದ ಮೇಲೆ ಕೂತ.

"ಆದ್ರ ಒಂದ ಹೇಳ್ರಿ," ಮುದಕಪ್ಪನವರು ಸಾಬೂನು ಡಬ್ಬಿಯನ್ನು ಕೂಸಿನಂತೆ ಎತ್ತಿಕೊಂಡರು. "ಆ ಒಡದ ದನಿ ಎಲ್ಲಿ ಹೋತು? ಇದರಾಗ ಎಲ್ಲಾನೂ ಒಡದ ಬಂತಲ್ರಿ! ನಂದೊಂದ ಒಡದದ್ದು ಒಬ್ಬರಿಗೂ ತಿಳೀಲಿಲ್ಲ. ಎಂಥಾ ಮಷೀನಪಾ! ನಾಳೆ ಮುಂಜಾನೆ ಇದ ಹಾಡ ಮತ್ತ ಹಾಕತಾರ. ಊರ ಮಂದಿ ಹಠಾ ಹಿಡದೈತಿ. ಇದನ್ನ ನಾ ಒಯ್ತೇನಿ."

"ಮಾವಾರ, ಅದು ಗಿಟಾರಿಂದ್ರಿ. ನಿಮ್ಮ ರೇಡಿಯೋದ ಆರು ಟ್ರಾನ್ಸಿಸ್ಟರಿನಾಗ ಎರಡ ಇದಕ್ಕ ಹಾಕೇನಿ..."

"ರೇಡಿಯೋದಾಗ ಇನ್ನ ನಾಕ ಉಳದಾವಲ್ರಿ. ಇನ್ನೊಂದ ಮಾಡ್ಕೋರಿ."

ಹೌದಲ್ಲ! ಶ್ರೀಶೈಲ ಪಡಸಾಲೆಗೆ ನೆಗೆದು ರೇಡಿಯೋದ ಮುಚ್ಚಳ ಎತ್ತಿದ. ನಾಲ್ಕೂ ಇದ್ದವು, ಸುಟ್ಟ ಸಾಸಿವೆಯಂತೆ. ಪಕ್ಕದಲ್ಲಿ ಅಂದಾನೆಪ್ಪ ಚಹಾ ಹೀರುತ್ತ, ನಾಗರತ್ನಾಳ ಮನೆಯ ಮಸುಕಾದ ಟಿವಿಗೂ ನೇರ ಲೈನ ಕೊಡುವುದಾಗಿ ಭರವಸೆ ನೀಡುತ್ತಿದ್ದ.

"ನಡೀರಿ ಅಳಿಯಾರ, ಬಸ್ ತಪ್ಪತೈತಿ" ಎಂದು ಬಾಗಿಲಲ್ಲಿ ಮಾವನ ದನಿ ಕೇಳಿತು. ಬಗಲಲ್ಲಿ ಧೋತರದ ಗಂಟು, ಗಂಟಿನಲ್ಲಿ ಸಾಬೂನು ಡಬ್ಬಿ, ಆಂಪ್ಲಿಫೈಯರ್.

"ನಾ ಯಾಕ್ರಿ?"

"ನೀವು ವೈರ್ ಹಿಡೀಲಿಲ್ಲಂದ್ರ ಅದು ಹಾಡೂದಿಲ್ಲಲ್ಲ!"

ನೇಸರಗಿಯ ಬಸ್ಸಿನಲ್ಲಿ ಮುದಕಪ್ಪನವರ ಪಕ್ಕಕ್ಕೆ ಅವರೂರಿನ ಪರಪ್ಪ ಬಂದು ಕೂತ. ಗಂಟಿನ ಆಚೆ ಕಿಟಕಿಗೆ ತಲೆ ಆನಿಸಿ ಕೂತಿದ್ದವನನ್ನು ನೋಡಿ, "ಇವರ ಯಾರಂತ ಗೊತ್ತಾಗಲಿಲ್ಲಲ್ರಿ" ಅಂದ.

"ನಮ್ಮ ಅಳಿಯಾರು" ಅಂದರು ಮುದಕಪ್ಪನವರು. ಅವರ ದನಿಯಲ್ಲಿ ಹೆಮ್ಮೆಯಿತ್ತು. ಇಂಥ ಹೆಮ್ಮೆಯನ್ನು ಶ್ರೀಶೈಲ ಮದುವೆಯಾದಾಗಿಂದ ಕೇಳಿರಲಿಲ್ಲ.

"ಹೌದೇನ್ರಿ? ಏನಾಗ್ಯಾರ?"

"ಆಂಟೆನಾ ಆಗ್ಯಾರ್ರಿ."